ನಾಲ್ಕನೇ ಗ್ರೇಡ್ ಮಗುಗೆ ಅಮೆರಿಕದ ಸಿವಿಲ್ ವಾರ್ ಎಲ್ಲಿಂದ ಹೇಳ್ಕೊಡೋದು?

ನಮಸ್ಕಾರ. ವರ್ಜೀನಿಯಾಗೆ ಬಂದು ಎರಡು ವರ್ಷ ಆಯ್ತು, ಮಗಳು 4ನೇ ಗ್ರೇಡ್, ಸ್ಕೂಲಲ್ಲಿ ಸಿವಿಲ್ ವಾರ್ (1861ರಿಂದ 1865ರವರೆಗೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಮಧ್ಯೆ ನಡೆದ ಯುದ್ಧ) ಶುರು ಮಾಡಿದ್ದಾರೆ, ನಾವು ಓದಿದ್ದು ಊರಲ್ಲಿ ಆದ್ರಿಂದ ನನಗೇ ಇದು ಗೊತ್ತಿಲ್ಲ, ಗುಲಾಮಗಿರಿ ಬಗ್ಗೆ ಅಷ್ಟು ಚಿಕ್ಕ ಮಗು ಹತ್ರ ಎಷ್ಟು ಮಾತಾಡೋದು ಅಂತ ಕೇಳಿದ್ದೀರ. ನಾನು ರಿಚ್ಮಂಡ್ ಹತ್ರ ಇರೋದು, ನನ್ನ ಇಬ್ರು ಮಕ್ಕಳೂ ಇಲ್ಲೇ 4ನೇ ಗ್ರೇಡ್ ಮುಗಿಸಿದ್ದಾರೆ. ಮೊದಲನೇ ಸಲ ನಾನು ತಪ್ಪಾಗಿ ಹೇಳ್ಕೊಟ್ಟೆ, ಎರಡನೇ ಸಲ ಸ್ವಲ್ಪ ಸರಿ ಮಾಡ್ಕೊಂಡೆ, ಅದನ್ನೇ ಬರೀತೀನಿ.

ದೊಡ್ಡ ಮಗನಿಗೆ ನಾನು ಹೇಳಿದ್ದು "ಇದು ಅಮೆರಿಕದ ಕುರುಕ್ಷೇತ್ರ ಕಣೋ, ಅಣ್ಣ ತಮ್ಮಂದಿರೇ ಎರಡು ಕಡೆ ನಿಂತು ಹೊಡೆದಾಡಿದ್ರು" ಅಂತ. ಅವನಿಗೆ ಮಹಾಭಾರತ ಚೆನ್ನಾಗಿ ಗೊತ್ತಿತ್ತು, ಬೇಗ ಅರ್ಥ ಆಗತ್ತೆ ಅಂದ್ಕೊಂಡೆ. ಎರಡು ದಿನ ಬಿಟ್ಟು ಬಂದು ಕೇಳ್ದ, "ಅಮ್ಮ, ಹಾಗಾದ್ರೆ ಎನ್‌ಸ್ಲೇವ್ಡ್ ಪೀಪಲ್ (ಗುಲಾಮರಾಗಿದ್ದೋರು) ಪಾಂಡವರ ಕಡೆನಾ ಕೌರವರ ಕಡೆನಾ?" ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ನಾನು ಹೇಳಿದ ಕಥೆಯಲ್ಲಿ ಅವರೇ ಇರಲಿಲ್ಲ. 1860ರ ಜನಗಣತಿ ಪ್ರಕಾರ ಸುಮಾರು 40 ಲಕ್ಷ ಜನ ಗುಲಾಮರಾಗಿದ್ರು, ಯುದ್ಧ ನಡೆದಿದ್ದೇ ಆ ವಿಷಯಕ್ಕೆ, ನಾನು ಅದನ್ನ ದಾಯಾದಿ ಜಗಳ ಮಾಡಿಬಿಟ್ಟಿದ್ದೆ.

ಅದಕ್ಕೇ ಮಗಳ ಸರದಿ ಬಂದಾಗ ಆಗಿನ ಅಧ್ಯಕ್ಷ ಲಿಂಕನ್, ದಕ್ಷಿಣದ ಸೇನಾಪತಿ ಲೀ, ಉತ್ತರದ ಸೇನಾಪತಿ ಗ್ರಾಂಟ್ ಯಾರಿಂದಲೂ ಶುರು ಮಾಡ್ಲಿಲ್ಲ. ಮೂರು ಜನರಿಂದ ಶುರು ಮಾಡ್ದೆ. ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್. ನಮ್ಮ ವರ್ಜೀನಿಯಾದಲ್ಲೇ ನಡೆದಿದ್ದು ಇದು. ಈ ಮೂವರನ್ನೂ ಚಾರ್ಲ್ಸ್ ಮ್ಯಾಲರಿ ಅನ್ನೋ ಕರ್ನಲ್ ಗುಲಾಮರಾಗಿ ಇಟ್ಕೊಂಡಿದ್ದ, ಸೂಯಲ್ಸ್ ಪಾಯಿಂಟ್ ಅನ್ನೋ ಕಡೆ ದಕ್ಷಿಣದ ಸೈನ್ಯಕ್ಕೆ ಫಿರಂಗಿ ಇಡೋ ಜಾಗ ಕಟ್ಟೋಕೆ ಹಚ್ಚಿದ್ರು. ಆಮೇಲೆ ಇವರನ್ನ ದೂರ ನಾರ್ತ್ ಕೆರೊಲೈನಾ ಕಡೆ ಕಳಿಸ್ತಾರೆ ಅಂತ ಸುದ್ದಿ ಬಂತು, ಅಂದ್ರೆ ಹೆಂಡ್ತಿ ಮಕ್ಕಳನ್ನ ಬಿಟ್ಟು ಹೋಗ್ಬೇಕು. 1861ರ ಮೇ 23ರ ರಾತ್ರಿ ಮೂವರೂ ಒಂದು ದೋಣಿ ಹತ್ತಿ, ನೀರು ದಾಟಿ, ಉತ್ತರದ ಸೈನ್ಯದ ಕೈಯಲ್ಲಿದ್ದ ಫೋರ್ಟ್ ಮನ್ರೋ ಕೋಟೆಗೆ ಬಂದ್ರು. ವರ್ಜೀನಿಯಾ ನಾವು ಯೂನಿಯನ್, ಅಂದ್ರೆ ಅಮೆರಿಕದ ಒಕ್ಕೂಟ, ಬಿಡ್ತೀವಿ ಅಂತ ಓಟು ಹಾಕಿದ್ದೂ ಅದೇ ದಿನ.

ಮಾರನೇ ದಿನ ಕರ್ನಲ್ ಮ್ಯಾಲರಿ ಕಡೆಯವನು ಬಿಳಿ ಬಾವುಟ ಹಿಡ್ಕೊಂಡು ಬಂದ, ಫ್ಯುಜಿಟಿವ್ ಸ್ಲೇವ್ ಕಾನೂನು ಇದ್ಯಲ್ಲ, ಓಡಿ ಬಂದೋರನ್ನ ವಾಪಸ್ ಕೊಡಿ ಅಂತ. ಕೋಟೆಯಲ್ಲಿದ್ದ ಜನರಲ್ ಬೆಂಜಮಿನ್ ಬಟ್ಲರ್ ಮೊದಲು ಲಾಯರ್ ಆಗಿದ್ದೋನು. ನೀವು ಬೇರೆ ದೇಶ ಅಂತೀರ, ಹಾಗಾದ್ರೆ ಅಮೆರಿಕದ ಕಾನೂನು ನಿಮಗೆ ಹೇಗೆ ಅನ್ವಯ ಆಗತ್ತೆ, ಇವರನ್ನ ನೀವೇ ಆಸ್ತಿ ಅಂತೀರ, ಯುದ್ಧಕ್ಕೆ ಬಳಸ್ತಿದ್ದ ಶತ್ರುವಿನ ಆಸ್ತಿನ ನಾನು ಜಪ್ತಿ ಮಾಡ್ಬಹುದು, ಕೊಡಲ್ಲ, ಅಂದ. ಇಲ್ಲಿ ನನ್ನ ಮಗಳು ಚಪ್ಪಾಳೆ ತಟ್ಟಿದ್ಲು. ಆಮೇಲೆ ಐದು ನಿಮಿಷ ಬಿಟ್ಟು, "ಆದ್ರೆ ಅವನೂ ಅವರನ್ನ ಪ್ರಾಪರ್ಟಿ ಅಂತಾನೇ ಅಂದ ಅಲ್ವಾ?" ಅಂದ್ಲು. ಒಂಬತ್ತು ವರ್ಷದ ಮಗು! ಮಕ್ಕಳಿಗೆ ಇದು ತುಂಬಾ ಭಾರ ಅಂತ ನಾವು ಅಂದ್ಕೋತೀವಿ, ಅವರು ನಮಗಿಂತ ಬೇಗ ವಿಷಯದ ಬುಡಕ್ಕೆ ಕೈ ಹಾಕ್ತಾರೆ. ಸುದ್ದಿ ಹಬ್ಬಿದ ಮೇಲೆ ಕೆಲವೇ ದಿನಗಳಲ್ಲಿ ಅಜ್ಜಿಯರು ಮಕ್ಕಳು ಸಮೇತ ಸಂಸಾರಗಳೇ ಆ ಕೋಟೆಗೆ ಬರೋಕೆ ಶುರು ಆದ್ರು, ಯುದ್ಧ ಮುಗಿಯೋ ಹೊತ್ತಿಗೆ ಸಾವಿರಾರು ಜನ.

ಈಗ ಎಷ್ಟು ಹೇಳೋದು ಅನ್ನೋ ಪ್ರಶ್ನೆ. ನಾನು ಮುಚ್ಚಿಡ್ಲಿಲ್ಲ. ಮನುಷ್ಯರನ್ನ ಕೊಂಡ್ಕೋತಿದ್ರು, ಮಾರ್ತಿದ್ರು, ತಾಯಿನ ಒಂದು ಕಡೆ ಮಗುನ ಒಂದು ಕಡೆ ಮಾರ್ತಿದ್ರು, ಓಡಿ ಹೋದ್ರೆ ಹೊಡೀತಿದ್ರು, ದಕ್ಷಿಣದ ಎಷ್ಟೋ ರಾಜ್ಯಗಳಲ್ಲಿ ಅವರಿಗೆ ಓದೋಕೆ ಕಲಿಸೋದು ಕಾನೂನಿಗೆ ವಿರುದ್ಧ ಆಗಿತ್ತು, ಇಷ್ಟನ್ನ ಸ್ಪಷ್ಟವಾಗಿ ಹೇಳ್ದೆ. ಚಾಟಿ ಏಟಿನ ಗುರುತು ತುಂಬಿದ ಒಬ್ಬ ಗುಲಾಮನ ಬೆನ್ನಿನ ಫೋಟೋ ಮಾತ್ರ ತೋರಿಸ್ಲಿಲ್ಲ, ಅದು ಇನ್ನೂ ದೊಡ್ಡವಳಾದ ಮೇಲೆ. ರಾತ್ರಿ ಮಲಗೋ ಮುಂಚೆ ಈ ಪಾಠ ಬೇಡ, ಹಗಲು ಹೊತ್ತಲ್ಲಿ, ಪಕ್ಕದಲ್ಲಿ ಕೂತ್ಕೊಂಡು ಮಾತಾಡಿ.

ಮನೇಲಿ ಕನ್ನಡದಲ್ಲಿ ಹೇಳ್ತಿದ್ರೆ "ಜೀತ" ಅನ್ನೋ ಪದ ಬಾಯಿಗೆ ಬರತ್ತೆ. ನಾನೂ ಬಳಸ್ದೆ, ಆದ್ರೆ ವ್ಯತ್ಯಾಸ ಹೇಳಿ. ಜೀತದಲ್ಲಿ ಸಾಲದ ಹೆಸರಲ್ಲಿ ಮನುಷ್ಯನ ದುಡಿಮೆನ ಕಟ್ಟಿ ಹಾಕ್ತಿದ್ರು, ಎಷ್ಟೋ ಸಲ ತಲೆತಲಾಂತರ. ಇಲ್ಲಿ ಸಾಲನೂ ಇಲ್ಲ ಏನೂ ಇಲ್ಲ, ಕಾನೂನೇ ಮನುಷ್ಯನನ್ನ ದನ ಕರು ಥರ ಸ್ವತ್ತು ಅಂತಿತ್ತು, ತಾಯಿ ಗುಲಾಮಳಾದ್ರೆ ಹುಟ್ಟೋ ಮಗುನೂ ಗುಲಾಮ. ಹಾಗಂತ ಊರಿನ ಜೀತ ಸಣ್ಣದು ಅಂತ ಮಕ್ಕಳಿಗೆ ಅನ್ನಿಸ್ಬಾರದು, ನಮ್ಮಲ್ಲಿ ಅದರ ವಿರುದ್ಧ ಇಡೀ ದೇಶಕ್ಕೆ ಕಾಯ್ದೆ ಬಂದಿದ್ದೇ 1976ರಲ್ಲಿ, ಅದನ್ನೂ ಹೇಳ್ದೆ.

ಇನ್ನೊಂದು ವಿಷಯ ಖಂಡಿತ ಬರತ್ತೆ, ರೆಡಿ ಇರಿ. ಯಾರಾದ್ರೂ "ಯುದ್ಧ ನಡೆದಿದ್ದು ರಾಜ್ಯಗಳ ಹಕ್ಕಿಗಾಗಿ" ಅಂತ ಮಗುಗೆ ಹೇಳಿರ್ತಾರೆ. ನೀವು ಒಂದೇ ಪ್ರಶ್ನೆ ಕೇಳಿ, ಏನು ಮಾಡೋ ಹಕ್ಕು? ಮಿಸಿಸಿಪಿ ಯೂನಿಯನ್ ಬಿಡುವಾಗ ಹೊರಡಿಸಿದ ಘೋಷಣೆಯ ಶುರುವಲ್ಲೇ, ನಮ್ಮ ನಿಲುವು ಗುಲಾಮಗಿರಿ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ ಅವರೇ ಬರೆದಿದ್ದಾರೆ, ನಾವು ಊಹಿಸೋ ಅಗತ್ಯನೇ ಇಲ್ಲ. ವರ್ಜೀನಿಯಾದಲ್ಲಿ 1950ರ ದಶಕದಲ್ಲಿ ಬಂದ ಸ್ಕೂಲ್ ಪುಸ್ತಕಗಳಲ್ಲಿ ಗುಲಾಮರು ಖುಷಿಯಾಗೇ ಇದ್ರು ಅನ್ನೋ ಥರ ಬರೆದಿತ್ತು, ಅದನ್ನೇ ಓದಿ ಬೆಳೆದ ಅಜ್ಜ ಅಜ್ಜಿಯರು ಈಗಲೂ ನಮ್ಮ ಅಕ್ಕಪಕ್ಕ ಇದ್ದಾರೆ. ಅದೇ ರೀತಿ ಉತ್ತರದವರೆಲ್ಲ ದೇವರಂಥವರು ಅಂತಲೂ ಹೇಳ್ಬೇಡಿ. ಲಿಂಕನ್ ಮೊದಲು ಹೇಳಿದ್ದು ಗುಲಾಮಗಿರಿ ಇರೋ ಕಡೆ ನಾನು ಕೈ ಹಾಕಲ್ಲ ಅಂತ. ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ, ಡೆಲವೇರ್ ಗುಲಾಮರನ್ನ ಇಟ್ಕೊಂಡೇ ಯೂನಿಯನ್‌ನಲ್ಲಿದ್ವು. ಗುಲಾಮರಿಗೆ ಬಿಡುಗಡೆ ಅಂತ ಲಿಂಕನ್ ಹೊರಡಿಸಿದ 1863ರ ಜನವರಿ 1ರ ವಿಮೋಚನೆ ಘೋಷಣೆ ಆ ರಾಜ್ಯಗಳಿಗೆ ಅನ್ವಯ ಆಗ್ಲೇ ಇಲ್ಲ, ದೇಶಕ್ಕೆಲ್ಲ ಗುಲಾಮಗಿರಿ ಕೊನೆ ಆಗಿದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ.

ಕದನಗಳ ಪಟ್ಟಿ ಬಾಯಿಪಾಠ ಮಾಡ್ಸೋಕೆ ಹೋಗ್ಬೇಡಿ, ಸ್ಕೂಲಲ್ಲಿ ಕೇಳೋಷ್ಟು ಸಾಕು. 6 ಲಕ್ಷಕ್ಕೂ ಹೆಚ್ಚು ಜನ ಸೈನಿಕರು ಸತ್ರು, ಅದರಲ್ಲಿ ಗುಂಡಿಗಿಂತ ಕಾಯಿಲೆಗೆ ಸತ್ತೋರೇ ಜಾಸ್ತಿ ಅನ್ನೋದು ನನ್ನ ಮಗನಿಗೆ ತುಂಬಾ ನಾಟಿತ್ತು. ವರ್ಜೀನಿಯಾದ ಮನಾಸಸ್‌ನಲ್ಲಿ ನಡೆದ ಕದನ ಮಾತ್ರ ಹೇಳಿ, 1861ರ ಜುಲೈನಲ್ಲಿ ವಾಷಿಂಗ್ಟನ್ನಿಂದ ಜನ ಬುತ್ತಿ ಕಟ್ಕೊಂಡು ಗಾಡಿಯಲ್ಲಿ ಯುದ್ಧ ನೋಡೋಕೆ ಬಂದಿದ್ರು, ಒಂದೇ ದಿನದಲ್ಲಿ ಮುಗಿಯತ್ತೆ ಅಂತ. ನಾಲ್ಕು ವರ್ಷ ನಡೀತು.

ಈ ಯುದ್ಧಕ್ಕೂ ಧಾರವಾಡದ ಹತ್ತಿಗೂ ನಂಟಿದೆ, ಅದನ್ನ ನನಗೆ ಹೇಳಿದ್ದು ನಮ್ಮ ಮಾವ, ಅವರು ಆ ಕಡೆಯವರು. ಬ್ರಿಟನ್ ಮಿಲ್ಲುಗಳಿಗೆ ಮುಕ್ಕಾಲು ಭಾಗ ಹತ್ತಿ ಹೋಗ್ತಿದ್ದಿದ್ದು ಅಮೆರಿಕದ ದಕ್ಷಿಣದಿಂದ, ಬೆಳೀತಿದ್ದೋರು ಗುಲಾಮರು. ಉತ್ತರದ ಯುದ್ಧ ಹಡಗುಗಳು ದಕ್ಷಿಣದ ಬಂದರುಗಳನ್ನ ಮುಚ್ಚಿಸಿದ ಮೇಲೆ ಇಂಗ್ಲಿಷರು ಇಂಡಿಯಾ ಹತ್ತಿಗೆ ಬಿದ್ರು, ಧಾರವಾಡ ಕಡೆ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಹಾಕ್ತಿದ್ರು, ಅದರ ರೇಟು ಸಿಕ್ಕಾಪಟ್ಟೆ ಏರ್ತು, 1865ರಲ್ಲಿ ಯುದ್ಧ ಮುಗಿದ ಕೂಡ್ಲೇ ಬಿದ್ದೋಯ್ತು. ಅಜ್ಜನ ಊರಿನ ಎರೆ ಹೊಲಕ್ಕೂ ಈ ಯುದ್ಧಕ್ಕೂ ಸಂಬಂಧ ಇದೆ ಅಂದಾಗ ಇಬ್ರೂ ಮಕ್ಕಳು ಕಣ್ಣರಳಿಸಿ ಕೂತಿದ್ರು.

ಸಾಧ್ಯ ಆದ್ರೆ ಒಂದು ಶನಿವಾರ ಫೋರ್ಟ್ ಮನ್ರೋಗೆ ಕರ್ಕೊಂಡು ಹೋಗಿ, ಟಿಕೆಟ್ ಇಲ್ಲ. 1619ರಲ್ಲಿ ವರ್ಜೀನಿಯಾಗೆ ಮೊದಲ ಆಫ್ರಿಕನ್ನರನ್ನ ಹಡಗಿನಿಂದ ಇಳಿಸಿದ್ದೂ ಅದೇ ಜಾಗ. ಹತ್ರದಲ್ಲೇ ಹ್ಯಾಂಪ್ಟನ್ ಯೂನಿವರ್ಸಿಟಿಲಿ ದೊಡ್ಡ ಓಕ್ ಮರ ಇದೆ, ಓಡಿ ಬಂದೋರ ಮಕ್ಕಳಿಗೆ ಮೇರಿ ಪೀಕ್ ಅನ್ನೋ ಟೀಚರ್ ಅದರ ಕೆಳಗೆ ಅಕ್ಷರ ಕಲಿಸಿದ್ದು. ನಾವು ಹೋದಾಗ ಕೋಟೆ ಗೋಡೆ ಮೇಲಿಂದ ನೀರಿನ ಆಚೆ ದಡ ತೋರಿಸಿ, ಈಗ ನೇವಿ ಹಡಗುಗಳು ನಿಂತಿದ್ಯಲ್ಲ, ಅದೇ ಸೂಯಲ್ಸ್ ಪಾಯಿಂಟ್ ಅಂದೆ. ಮಗಳು ತುಂಬಾ ಹೊತ್ತು ನೋಡ್ತಾ ನಿಂತಿದ್ದು, "ಕತ್ತಲಲ್ಲಿ ಅಷ್ಟು ದೂರದಿಂದ ದೋಣಿಲಿ ಬಂದ್ರಾ ಅಮ್ಮ" ಅಂದ್ಲು.