‘ಡೌನ್‌ಫಾಲ್’: ನಕ್ಷೆಯ ಮುಂದಿನ ಆ ಕೂಗಾಟ ಎಷ್ಟು ನಿಜ?

ಹಿಟ್ಲರ್‌ನ ಕೊನೆಯ ದಿನಗಳನ್ನು ಕುರಿತ ‘ಡೌನ್‌ಫಾಲ್’ ಚಿತ್ರದಲ್ಲಿ, ನಕ್ಷೆಯ ಮುಂದೆ ಹಿಟ್ಲರ್ ಸೇನಾಧಿಕಾರಿಗಳ ಮೇಲೆ ಹರಿಹಾಯುವ ದೃಶ್ಯ ಬರೀ ಕಲ್ಪನೆಯೇ ಎಂದು ತಾವು ಕೇಳಿದ್ದೀರಿ. ಖಂಡಿತ ಅಲ್ಲ. 1945ರ ಏಪ್ರಿಲ್ 22ರಂದು ಬರ್ಲಿನ್ನಿನ ಬಂಕರಿನಲ್ಲಿ, ಜರ್ಮನ್ ಸೇನಾನಾಯಕ ಸ್ಟೈನರ್ ಸೋವಿಯತ್ ಸೇನೆಯ ಮೇಲೆ ನಡೆಸಬೇಕಿದ್ದ ದಾಳಿ ನಡೆದೇ ಇಲ್ಲವೆಂದು ತಿಳಿದಾಗ ಹಿಟ್ಲರ್ ಸಿಡಿದೆದ್ದು, ಯುದ್ಧ ಸೋತಾಯಿತೆಂದು ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ಅಲ್ಲಿದ್ದವರೇ ಯುದ್ಧಾನಂತರ ಹೇಳಿದ್ದಾರೆ. ನಡುಗುವ ಕೈಯಿಂದ ಕನ್ನಡಕ ತೆಗೆದು, ನಾಲ್ವರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನು ಹೊರಗೆ ಕಳಿಸುವ ಹಿಟ್ಲರ್ ಪಾತ್ರಧಾರಿ ಬ್ರೂನೋ ಗಾಂಟ್ಸ್ ಅವರ ಅಭಿನಯ, ನನ್ನ ದೃಷ್ಟಿಯಲ್ಲಿ, ಆಮೇಲಿನ ಅಬ್ಬರಕ್ಕಿಂತಲೂ ಹೆಚ್ಚು ಭೀಕರವಾಗಿದೆ. ಹಿಟ್ಲರ್‌ನ ಸಹಜ ದನಿಯನ್ನು ಹಿಡಿಯಲು, 1942ರಲ್ಲಿ ಫಿನ್ಲೆಂಡಿನಲ್ಲಿ ಗುಟ್ಟಾಗಿ ಧ್ವನಿಮುದ್ರಿಸಲಾಗಿದ್ದ ಆತನ ಸಂಭಾಷಣೆಯನ್ನು ಗಾಂಟ್ಸ್ ಆಲಿಸಿದ್ದರು.

ಎಚ್ಚರದಿಂದ ನೋಡಬೇಕಾದ ಭಾಗಗಳು ಬೇರೆಯೇ ಇವೆ. ವೈದ್ಯ ಶೆಂಕ್ ಅವರನ್ನು ಚಿತ್ರ ಬಹುತೇಕ ಸಜ್ಜನರಂತೆ ತೋರಿಸುತ್ತದೆ. ಆದರೆ ಮೌಟ್‌ಹೌಸನ್ ಎಂಬ ನಾಜಿ ಬಂಧನ ಶಿಬಿರದ ಕೈದಿಗಳ ಮೇಲೆ ನಡೆದ ಆಹಾರ ಪ್ರಯೋಗಗಳಲ್ಲಿ ಅವರ ಪಾತ್ರವಿತ್ತೆಂಬ ಗಂಭೀರ ಆರೋಪವನ್ನು ಅದು ಎತ್ತುವುದೇ ಇಲ್ಲ, ಮತ್ತು ಇದನ್ನು ಅನೇಕ ವಿಮರ್ಶಕರು ಆಕ್ಷೇಪಿಸಿದ್ದಾರೆ. ಹಿಟ್ಲರ್‌ನ ಕಾರ್ಯದರ್ಶಿ ಟ್ರೌಡ್ಲ್ ಯೂಂಗೆ ಕೊನೆಗೆ ಬಾಲಕನೊಬ್ಬನೊಡನೆ ಸೈಕಲ್ಲಿನಲ್ಲಿ ಪಾರಾಗುವುದಂತೂ ಚಿತ್ರತಂಡದ ಸೃಷ್ಟಿಯೇ.