ಸಂಪಾದಕರ ಉತ್ತರ: ‘ಆಮೇಲೆ ಎರಡು ದಿನ ಏಳುವುದೇ ಇಲ್ಲ’

ಮಾನ್ಯರೇ,

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿರುವ ಕನ್ನಡದ ವಿದ್ಯಾರ್ಥಿನಿಯೊಬ್ಬರು ತಮ್ಮ ಕ್ಯಾಂಪಸ್ಸಿನಲ್ಲಿ ನಡೆದ ‘ಅನ್‌ರೆಸ್ಟ್’ ಸಾಕ್ಷ್ಯಚಿತ್ರದ ಪ್ರದರ್ಶನದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಕ್ಷಯ, ಡೆಂಗಿಗಳಿಂದ ಜನ ನರಳುತ್ತಿರುವ ನಾಡಿನಲ್ಲಿ ‘ಸುಸ್ತಾಗುವ ರೋಗ’ಕ್ಕೆ ನಾಲ್ಕು ಪುಟ ಕೊಡಬೇಕಿತ್ತೇ ಎಂದು ಕೇಳಿದ್ದೀರಿ. ಮನಸ್ಸು ಗಟ್ಟಿ ಮಾಡಿಕೊಂಡು ದಿನಾ ಬೆಳಿಗ್ಗೆ ನಡೆದರೆ ಹೋಗುವ ದಣಿವಿಗೆ ರೋಗದ ಪಟ್ಟ ಕಟ್ಟಿದರೆ ಸೋಮಾರಿಗಳಿಗೆ ನೆಪ ಸಿಕ್ಕಂತಾಗುತ್ತದೆ ಎಂದೂ ಹೇಳಿದ್ದೀರಿ. ಕೊನೆಯಲ್ಲಿ ತಮ್ಮ ತಂಗಿಯ ಮಗಳ ಮಾತು ಬಂದಿದೆ. ಕೋವಿಡ್ ಬಂದು ಹೋದಂದಿನಿಂದ ಆಕೆ ಕಾಲೇಜಿಗೆ ಹೋಗುತ್ತಿಲ್ಲ. ‘ಒತ್ತಾಯ ಮಾಡಿ ಪಾರ್ಕಿಗೆ ಕರೆದರೆ ಬರುತ್ತಾಳೆ, ಆಮೇಲೆ ಎರಡು ದಿನ ಏಳುವುದೇ ಇಲ್ಲ’ ಎಂದು ಬೇಸರದಿಂದ ಬರೆದಿದ್ದೀರಿ. ನಾಲ್ಕು ಸಾಲಿನಲ್ಲಿ ಮುಗಿಯಬಹುದಾಗಿದ್ದ ಈ ಉತ್ತರ ಇಷ್ಟು ದೀರ್ಘವಾಗಲು ಆ ಕೊನೆಯ ಮಾತೇ ಕಾರಣ.

ಮೊದಲಿಗೆ ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ‘ದಣಿವೆಂಬ ರೋಗ’ ಎಂಬ ತಲೆಬರಹ ಲೇಖಕಿಯದಲ್ಲ, ನಾವು ಕೊಟ್ಟದ್ದು. ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್, ಚಿಕ್ಕದಾಗಿ ಎಂ.ಇ., ಎಂದು ಕರೆಯಲಾಗುತ್ತಿದ್ದ ಈ ಕಾಯಿಲೆಗೆ 1988ರಲ್ಲಿ ಅಮೆರಿಕದಲ್ಲಿ ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಎಂಬ ಹೆಸರು ಬಂದಾಗಿನಿಂದ ರೋಗಿಗಳು ಯಾವ ಮಾತಿನಿಂದ ನೊಂದಿದ್ದಾರೋ ಅದೇ ಮಾತನ್ನು ನಾವು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದೆವು. ದಣಿವು ಯಾರಿಗೆ ಗೊತ್ತಿಲ್ಲ? ದಿನವಿಡೀ ಬಗ್ಗಿ ನಾಟಿ ಮಾಡಿದವರ ದಣಿವು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಈ ಕಾಯಿಲೆಯಲ್ಲಿ ಎಷ್ಟು ಮಲಗಿದರೂ ನಿದ್ದೆ ಮಾಡಿದಂತಾಗುವುದಿಲ್ಲ, ಎದ್ದು ನಿಂತರೆ ತಲೆ ತಿರುಗುತ್ತದೆ, ಓದಿದ ಸಾಲು ತಲೆಗೆ ಹತ್ತುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸ್ನಾನ ಮಾಡಿದ್ದಕ್ಕೆ ಅಥವಾ ಕಾಲು ಗಂಟೆ ಮಾತನಾಡಿದ್ದಕ್ಕೆ ದೇಹ ತೆರಬೇಕಾದ ದಂಡ ಆ ಹೊತ್ತಿಗೆ ಕಾಣದೆ, ಎಷ್ಟೋ ಗಂಟೆಗಳಾದ ಮೇಲೆ, ಕೆಲವೊಮ್ಮೆ ಮರುದಿನ ಬಂದೆರಗಿ ದಿನಗಟ್ಟಲೆ, ವಾರಗಟ್ಟಲೆ ಹಾಸಿಗೆ ಹಿಡಿಸುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರ ತನ್ನ ವರದಿಯಲ್ಲಿ ಈ ಲಕ್ಷಣವನ್ನೇ ರೋಗನಿರ್ಣಯದ ಕೇಂದ್ರದಲ್ಲಿಟ್ಟಿತು. ಆ ದೇಶದಲ್ಲಿ 8,36,000ದಿಂದ 25 ಲಕ್ಷ ಜನರಿಗೆ ಈ ಕಾಯಿಲೆ ಇದೆಯೆಂದೂ, ಅವರಲ್ಲಿ ಹೆಚ್ಚಿನವರಿಗೆ ತಮ್ಮ ಕಾಯಿಲೆ ಇದೆಂದು ಯಾರೂ ಹೇಳಿಲ್ಲವೆಂದೂ ಅಂದಾಜು ಮಾಡಿತು.

ಹೇಳದಿರುವುದಕ್ಕೆ ಒಂದು ಚರಿತ್ರೆಯಿದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ 292 ಸಿಬ್ಬಂದಿ ಇಂಥದೇ ಕಾಯಿಲೆಗೆ ಬಿದ್ದು ಆಸ್ಪತ್ರೆಯನ್ನೇ ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಹದಿನೈದು ವರ್ಷಗಳ ನಂತರ ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನು ಓದಿ, ಒಬ್ಬ ರೋಗಿಯನ್ನೂ ಪರೀಕ್ಷಿಸದೆ, ಅದನ್ನು ಸಾಮೂಹಿಕ ಉನ್ಮಾದವೆಂದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚಾಗಿದ್ದದ್ದು ಅವರು ಕೊಟ್ಟ ಕಾರಣಗಳಲ್ಲೊಂದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನರಮಂಡಲದ ಕಾಯಿಲೆಗಳ ಸಾಲಿಗೆ ಸೇರಿಸಿದ್ದು ಅದಕ್ಕೂ ಹಿಂದಿನ ವರ್ಷ, 1969ರಲ್ಲಿ. ಆದರೂ ವೈದ್ಯರ ಕೋಣೆಗಳಲ್ಲಿ ಉಳಿದುಕೊಂಡದ್ದು ಉನ್ಮಾದದ ಮಾತೇ.

ತಾವು ಸೂಚಿಸಿರುವ ನಡಿಗೆಯ ಮದ್ದನ್ನೂ ಪ್ರಯೋಗಿಸಿ ನೋಡಲಾಗಿದೆ. ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸಿದರೆ ರೋಗಿಗಳು ಸುಧಾರಿಸುತ್ತಾರೆಂದು ಬ್ರಿಟನ್ನಿನ ‘ಪೇಸ್’ ಪ್ರಯೋಗ 2011ರಲ್ಲಿ ಹೇಳಿತು. ರೋಗಿಗಳೇ ಕೂತು ಅದರ ಅಂಕಿಗಳನ್ನು ಬಿಡಿಸಿ ನೋಡಿದಾಗ ವಿಚಿತ್ರವೊಂದು ಕಂಡಿತು. ಆ ಪ್ರಯೋಗಕ್ಕೆ ಸೇರಲು ದೈಹಿಕ ಸಾಮರ್ಥ್ಯದ ಅಂಕ ನೂರಕ್ಕೆ 65 ಅಥವಾ ಅದಕ್ಕಿಂತ ಕಡಿಮೆ ಇರಬೇಕಿತ್ತು, ‘ಸಹಜ’ ಎನಿಸಿಕೊಳ್ಳಲು 60 ಇದ್ದರೆ ಸಾಕಿತ್ತು. ಅಂದರೆ ಸೇರಿದಾಗ ಇದ್ದದ್ದಕ್ಕಿಂತ ಹದಗೆಟ್ಟವರೂ ಆ ಮಾಪನದಲ್ಲಿ ಸಹಜಸ್ಥಿತಿಯವರೆಂದು ಎಣಿಕೆಯಾಗಬಹುದಿತ್ತು. ಈ ಚಿಕಿತ್ಸೆಯನ್ನು ಕೊಡಕೂಡದೆಂದು, ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ‘ನೈಸ್’ ಸಂಸ್ಥೆ ಹೇಳುವ ಹೊತ್ತಿಗೆ 2021 ಬಂದಿತ್ತು.

‘ಅನ್‌ರೆಸ್ಟ್’ ಚಿತ್ರವನ್ನು ಮಾಡಿದ ಜೆನಿಫರ್ ಬ್ರಿಯಾ ಅವರ ಕತೆಯಲ್ಲಿಯೂ ಒಂದು ನಡಿಗೆ ಇದೆ. ಹಾರ್ವರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದ ಅವರಿಗೆ ವಿಪರೀತ ಜ್ವರ ಬಂದು, ಬಳಿಕ ದೇಹ ಸುಧಾರಿಸಲೇ ಇಲ್ಲ. ಇದು ಮನಸ್ಸಿನ ನೋವು ದೇಹದಲ್ಲಿ ಕಾಣಿಸಿಕೊಳ್ಳುತ್ತಿರುವುದಷ್ಟೇ ಎಂದು ನರತಜ್ಞರೊಬ್ಬರು ಹೇಳಿದ ದಿನ, ಹಾಗಾದರೆ ನೋಡಿಯೇ ಬಿಡೋಣವೆಂದು ಆಕೆ ಸುಮಾರು ಮೂರು ಕಿಲೋಮೀಟರ್ ನಡೆದೇ ಮನೆಗೆ ಬಂದರು. ಬಾಗಿಲು ತೆರೆದವರೇ ಕುಸಿದು, ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಚಿತ್ರದ ಬಹುಭಾಗವನ್ನು ಆಕೆ ನಿರ್ದೇಶಿಸಿದ್ದು ಆ ಹಾಸಿಗೆಯಿಂದಲೇ, ದೂರದ ರೋಗಿಗಳೊಡನೆ ಕಂಪ್ಯೂಟರ್ ಪರದೆಯ ಮೂಲಕ ಮಾತನಾಡುತ್ತ.

ನಮ್ಮ ಲೇಖಕಿ ನೋಡಿದ ಪ್ರದರ್ಶನದಲ್ಲಿ ಸಭಾಂಗಣದ ಹಿಂಬದಿಯಲ್ಲಿ ಮೂರು ಚಾಪೆಗಳನ್ನು ಹಾಸಿದ್ದರಂತೆ. ಕಪ್ಪು ಕನ್ನಡಕ ಹಾಕಿಕೊಂಡ ಹುಡುಗಿಯೊಬ್ಬಳು ಅಲ್ಲಿ ಮಲಗಿ, ಕಿವಿಗೆ ಹತ್ತಿ ಇಟ್ಟುಕೊಂಡು ಚಿತ್ರ ನೋಡಿದಳು. ಚಿತ್ರ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಸದ್ದು ಆಕೆಯನ್ನು ನೋಯಿಸೀತೆಂದು ಎಲ್ಲರೂ ಎರಡೂ ಕೈ ಮೇಲೆತ್ತಿ ಬೆರಳುಗಳನ್ನು ಆಡಿಸಿದರು. ಸ್ಥಳಾಭಾವದಿಂದ ಲೇಖನದಲ್ಲಿ ಕತ್ತರಿಸಿದ ಈ ಭಾಗವನ್ನು ಉಳಿಸಿಕೊಂಡು, ನಾಲ್ಕರ ಬದಲು ಐದು ಪುಟ ಕೊಡಬೇಕಿತ್ತೆಂದು ಈಗ ಅನ್ನಿಸುತ್ತಿದೆ.

ಇನ್ನು ನಮ್ಮ ನಾಡಿನ ಪ್ರಶ್ನೆ. 2006ರಲ್ಲಿ ಚಿಕೂನ್‌ಗುನ್ಯಾ ಹಬ್ಬಿದ ಮೇಲೆ ಕೀಲುನೋವಿನಿಂದ ವರ್ಷಗಟ್ಟಲೆ ನೆಟ್ಟಗೆ ನಡೆಯಲಾಗದವರನ್ನು ನಾವೆಲ್ಲ ಕಂಡಿದ್ದೇವೆ. ಅದು ಬೇರೆಯೇ ಕಾಯಿಲೆ, ನಿಜ. ಆದರೆ ಜ್ವರ ಬಿಟ್ಟರೂ ಜ್ವರದ ಪೆಟ್ಟು ಬಿಡದಿರಬಹುದೆಂಬುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕೋವಿಡ್ಡಿನ ನಂತರ ಎಂ.ಇ. ಲಕ್ಷಣಗಳೇ ಕಾಣಿಸಿಕೊಂಡವರು ಜಗತ್ತಿನೆಲ್ಲೆಡೆ ಇದ್ದಾರೆ.

ತಮ್ಮ ತಂಗಿಯ ಮಗಳಿಗೆ ಇದೇ ಕಾಯಿಲೆ ಎಂದು ನಾನು ಹೇಳಲಾರೆ, ಹೇಳಲೂಬಾರದು. ರಕ್ತಹೀನತೆ, ಥೈರಾಯಿಡ್, ಕ್ಷಯ, ನಿದ್ದೆಯ ತೊಂದರೆ, ಖಿನ್ನತೆ ಎಲ್ಲವನ್ನೂ ವೈದ್ಯರು ತಾಳ್ಮೆಯಿಂದ ನೋಡಬೇಕು. ಹೋಗುವಾಗ ಒಂದು ಚೀಟಿಯಲ್ಲಿ ಅವಳು ಯಾವ ದಿನ ಏನು ಮಾಡಿದಳು, ಎಷ್ಟು ಹೊತ್ತಿನ ಮೇಲೆ ಮಲಗಿದಳು, ಯಾವಾಗ ಎದ್ದಳು ಎಂಬುದನ್ನು ಬರೆದುಕೊಂಡು ಹೋಗಿ. ತಾವು ಸೋಮಾರಿತನಕ್ಕೆ ಸಾಕ್ಷಿಯೆಂದು ಕೊಟ್ಟ ‘ಎರಡು ದಿನ’ವೇ ವೈದ್ಯರು ಮೊದಲು ಕೇಳಬೇಕಾದ ಸಂಗತಿ. ಕರೆದಾಗ ಅವಳು ಪಾರ್ಕಿಗೆ ಬರುತ್ತಾಳೆ ಎಂಬುದನ್ನೂ ಗಮನಿಸಿ, ಮನಸ್ಸಿಲ್ಲದವಳು ಬರುತ್ತಿರಲಿಲ್ಲ. ವೈದ್ಯರು ನೋಡಿ ಹೇಳುವವರೆಗೆ ದಯವಿಟ್ಟು ಅವಳನ್ನು ಎಬ್ಬಿಸಿ ನಡೆಸಬೇಡಿ.

ಕಳೆದ ಸಂಚಿಕೆಯ ಇನ್ನೊಂದು ಪ್ರತಿಯನ್ನು, ತಲೆಬರಹವನ್ನು ನನ್ನ ಕೈಯಿಂದಲೇ ಹೊಡೆದುಹಾಕಿ, ಅವಳ ಹೆಸರಿಗೆಂದು ತಮ್ಮ ವಿಳಾಸಕ್ಕೆ ಕಳುಹಿಸುತ್ತಿದ್ದೇನೆ. ಓದಲು ಅವಳಿಗೆ ಕಷ್ಟವಾದರೆ ದಿನಕ್ಕೊಂದು ಪ್ಯಾರಾದಂತೆ ತಾವೇ ಓದಿ ಹೇಳಿ.

ತಮ್ಮ ವಿಶ್ವಾಸಿ,
ಸಂಪಾದಕ