ತವರಿನ ಮಳೆ ನೋಡಿ ನೀರು ಹಾಕಿ

ಪ್ರಶ್ನೆ: ಜಿರೇನಿಯಂ, ಪೆಲಾರ್ಗೋನಿಯಂ ಎರಡೂ ಒಂದೇ ಗಿಡವೇ?

ಉತ್ತರ: ಕುಟುಂಬ ಒಂದೇ, ಕುಲ ಬೇರೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಎರಡನ್ನೂ ಜಿರೇನಿಯಂ ಎಂದೇ ಕರೆದಿದ್ದರು. 1789ರಲ್ಲಿ ಫ್ರಾನ್ಸಿನ ಲೆರಿಟಿಯೇ ಪೆಲಾರ್ಗೋನಿಯಂ ಕುಲವನ್ನು ಬೇರ್ಪಡಿಸಿದರು. ಆದರೂ ಹಳೆಯ ಹೆಸರು ಬಾಯಿಂದ ಬಿಟ್ಟುಹೋಗಲಿಲ್ಲ. ಕುಂಡಗಳಲ್ಲಿ ಕೆಂಪು ಗೊಂಚಲು ಬಿಡುವ 'ಜಿರೇನಿಯಂ' ನಿಜವಾಗಿ ಪೆಲಾರ್ಗೋನಿಯಂ. ಜಿರೇನಿಯಂ ಹೂವಿನ ಐದು ಎಸಳೂ ಒಂದೇ ತೆರನಾಗಿರುತ್ತವೆ. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳು ಒಂದು ಥರ, ಕೆಳಗಿನ ಮೂರು ಇನ್ನೊಂದು ಥರ. ಮಿಶ್ರತಳಿಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣದು. ಆಗ ಹೂವಿನ ತೊಟ್ಟನ್ನು ಹೂವಿಗೆ ತೀರಾ ಹತ್ತಿರ ಬ್ಲೇಡಿನಿಂದ ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿ. ಒಂದು ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಅದು ಮಕರಂದದ ನಾಳ. ಪೆಲಾರ್ಗೋನಿಯಂಗೆ ಇದಕ್ಕಿಂತ ಗಟ್ಟಿ ಗುರುತಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ನನ್ನ ಗಡ್ಡೆ ಪೆಲಾರ್ಗೋನಿಯಂ ಎಲೆ ಉದುರಿಸಿತು. ನೀರು ಹೆಚ್ಚಿಸಿದೆ, ಗಡ್ಡೆಯೇ ಕೊಳೆಯಿತು. ಏಕೆ?

ಉತ್ತರ: ಗಿಡ ಬಾಯಾರಿರಲಿಲ್ಲ, ಮಲಗಿತ್ತು. ಸುಮಾರು 280 ಪೆಲಾರ್ಗೋನಿಯಂ ಪ್ರಭೇದಗಳಲ್ಲಿ ಹೆಚ್ಚಿನವುಗಳ ತವರು ಆಫ್ರಿಕಾದ ದಕ್ಷಿಣ ತುದಿ. ಅಲ್ಲಿನ ಪಶ್ಚಿಮ ಕೇಪ್‌ನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಹಾಗಾಗಿ ಅಲ್ಲಿನ ಗಡ್ಡೆ ಜಾತಿಗಳು ಬೇಸಿಗೆ ಮುಗಿದ ಮೇಲೆ ಚಿಗುರಿ, ಮುಂದಿನ ಬೇಸಿಗೆಗೆ ಒಣಗುತ್ತವೆ. ಎಲೆ ಹಳದಿಯಾಗತೊಡಗಿದಾಗಲೇ ನೀರು ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿ. ಕುಂಡವನ್ನು ನೆರಳಿನಲ್ಲಿ ಒಣಗಲು ಬಿಡಿ; ಹೊಸ ಚಿಗುರು ಕಂಡ ಮೇಲೆ ಮತ್ತೆ ಶುರುಮಾಡಿ. ಮಣ್ಣಿನಲ್ಲಿ ಅರ್ಧಪಾಲು ದಪ್ಪ ಮರಳಿರಲಿ.

ಇದೇ ನಿಯಮವನ್ನು ಕೆಂಪು ಗೊಂಚಲಿನ ಗಿಡಕ್ಕೆ ಹಚ್ಚಬೇಡಿ. ಅದರ ಪೂರ್ವಜರಾದ ಇನ್‌ಕ್ವಿನಾನ್ಸ್, ಜೋನೇಲ್ ಪ್ರಭೇದಗಳು ಬೇಸಿಗೆಯಲ್ಲೂ ಮಳೆ ಕಾಣುವ ಪೂರ್ವ ಭಾಗದವು. ಮೇಲಿನ ಒಂದು ಅಂಗುಲ ಮಣ್ಣು ಒಣಗಿದಾಗ ನೀರು ಹಾಕಿದರೆ ಅವು ವರ್ಷವಿಡೀ ಬೆಳೆಯುತ್ತವೆ. ಟರ್ಕಿಯ ಬೆಟ್ಟಗಳ ಎಂಡ್ಲಿಕೆರಿಯಾನಂ ಎಂಬ ಪೆಲಾರ್ಗೋನಿಯಂ ಪ್ರಭೇದದ್ದು ಇನ್ನೊಂದೇ ಸ್ವಭಾವ: ಹಿಮವನ್ನು ತಡೆದುಕೊಳ್ಳುತ್ತದೆ, ಚಳಿಗಾಲದಲ್ಲಿ ಬುಡದಲ್ಲಿ ನಿಂತ ನೀರನ್ನು ಮಾತ್ರ ತಡೆಯದು.

ಪ್ರಶ್ನೆ: ನೆಟ್ಟ ಪೆಲಾರ್ಗೋನಿಯಂ ಕಡ್ಡಿಗಳ ಬುಡ ಕಪ್ಪಾಗಿ ಸಾಯುತ್ತಿವೆ.

ಉತ್ತರ: ಇದು ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ತರುವ ರೋಗ, ತೇವ ಹೆಚ್ಚಾದಾಗ ಬರುತ್ತದೆ. ಹೂ ಬಿಡದ ಟೊಂಗೆಯಿಂದ 8–10 ಸೆಂ.ಮೀ. ಉದ್ದದ ತುದಿಯನ್ನು ಗೆಣ್ಣಿನ ಕೆಳಗೇ ಕೊಯ್ಯಿರಿ. ಕೆಳಗಿನ ಎಲೆಗಳನ್ನೂ ಗೆಣ್ಣಿಗೆ ಅಂಟಿದ ಪುಟ್ಟ ಪೊರೆಗಳನ್ನೂ ಕಿತ್ತುಹಾಕಿ. ಕೊಳೆ ಮೊದಲು ಹಿಡಿಯುವುದು ಅಲ್ಲೇ. ಗಾಯ ಒಣಗಲು ಅರ್ಧ ದಿನ ನೆರಳಲ್ಲಿಟ್ಟು, ಮರಳು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮ ಬೆರೆಸಿ ನೆಡಿ. ಮೇಲೆ ಪ್ಲಾಸ್ಟಿಕ್ ಮುಚ್ಚಬೇಡಿ. ಬೆಚ್ಚಗಿದ್ದರೆ ಮೂರ್ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಕಪ್ಪಾದ ಕಡ್ಡಿಯನ್ನು ಮಣ್ಣಿನ ಸಮೇತ ಎಸೆದು, ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿದ ಮೇಲೆಯೇ ಮುಂದಿನ ಕಡ್ಡಿ ಕೊಯ್ಯಿರಿ.